ಅಬೋಲಿಗೆ ನಡೆ ಕಲಿಸಿದವರು

ಈ ಸಭೆಗೆ ಅಧ್ಯಕ್ಷರಾಗಿ ಕುಳಿತಿರುವ ಹಿರಿಯರೇ, ಎರಡು ದಿನ ರೈಲಿನಲ್ಲಿ ಕುಳಿತು ನನ್ನ ಸಲುವಾಗಿ ಇಲ್ಲಿಯವರೆಗೆ ಬಂದಿರುವ ನಮ್ಮ ಸವಾರಿ ಶಾಲೆಯ ಸಾಹೇಬರೇ, ಹಾರದ ಭಾರಕ್ಕೆ ನನಗಿಂತ ಹೆಚ್ಚು ಬೆವರಿರುವ ವೇದಿಕೆಯ ಗಣ್ಯರೇ, ಗೋಕಾಕದವರೇ, ಮೂಡಲಗಿ ಹುಕ್ಕೇರಿ ಕಡೆಯಿಂದ ಬಸ್ಸು, ಚಕ್ಕಡಿ, ಸೈಕಲ್ಲು, ಸಿಕ್ಕಿದ್ದನ್ನು ಹತ್ತಿ ಬಂದಿರುವ ಬಂಧುಗಳೇ, ಎಡಗಡೆ ಜಮಖಾನದ ಮೇಲೆ ಕುಳಿತಿರುವ ತಾಯಂದಿರೇ, ಒಟ್ಟಿನಲ್ಲಿ ನನ್ನ ಪ್ರೀತಿಯ ಸಭಿಕರೇ,

ನನಗೆ ಭಾಷಣ ಬರುವುದಿಲ್ಲ. ಹೀಗೆ ಹೇಳಿದವರೆಲ್ಲ ಒಂದು ತಾಸು ಮಾತಾಡುತ್ತಾರೆ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು. ಆದರೆ ನನ್ನ ಕಷ್ಟ ಬೇರೆ. ನಾನು ಇಪ್ಪತ್ತು ವರ್ಷ ನಿಂತಿದ್ದು ಕುದುರೆಗಳ ಮುಂದೆ. ಕುದುರೆಗೆ ಬೇಸರವಾಯಿತೆಂದರೆ ಅದರ ಕಿವಿ ಹಿಂದಕ್ಕೆ ಹೋಗುತ್ತದೆ, ನಾನು ಕೂಡಲೇ ಪಾಠ ನಿಲ್ಲಿಸುತ್ತೇನೆ. ನಿಮ್ಮ ಕಿವಿಗಳು ಇದ್ದಲ್ಲೇ ಇವೆ. ಬೇಸರವಾದರೆ ದಯವಿಟ್ಟು ಕೆಮ್ಮಿರಿ.

ಸಾಹೇಬರು ತಮ್ಮ ಮಾತಿನಲ್ಲಿ ‘ಡ್ರೆಸ್ಸಾಜ್’ ಎಂಬ ಶಬ್ದವನ್ನು ಏಳೆಂಟು ಸಲ ಹೇಳಿದರು. ಮೊದಲ ಸಲ ಕೇಳಿದಾಗ ಅದು ಕುದುರೆಗೆ ಅಂಗಿ ಚಲ್ಲಣ ತೊಡಿಸುವ ಕೆಲಸವಿರಬೇಕು ಎಂದು ನಾನು ತಿಳಿದಿದ್ದೆ. ನಗಬೇಡಿ, ನಿಮ್ಮಲ್ಲಿಯೂ ಅರ್ಧ ಜನ ಈಗ ಹಾಗೆಯೇ ತಿಳಿದಿದ್ದೀರಿ. ಅದು ಕುದುರೆಗೆ ನಡೆ ಕಲಿಸುವ ವಿದ್ಯೆ. ಓಡಿಸುವುದಲ್ಲ, ಜಿಗಿಸುವುದಲ್ಲ. ನೇರ ನಡೆ, ಅಡ್ಡ ನಡೆ, ನಿಂತಲ್ಲೇ ಸುತ್ತುವುದು, ನಿಲ್ಲೆಂದಾಗ ಕಲ್ಲಿನ ಹಾಗೆ ನಿಲ್ಲುವುದು. ಮೇಲೆ ಕುಳಿತವನು ಹೊಡೆಯಬಾರದು, ಕೂಗಬಾರದು. ನೋಡುವವರಿಗೆ ಅವನು ಏನೂ ಮಾಡದೆ ಸುಮ್ಮನೆ ಕುಳಿತಂತೆ ಕಾಣಬೇಕು. ಸುಮ್ಮನೆ ಕುಳಿತಂತೆ ಕಾಣುವುದಕ್ಕೆ ನಮ್ಮ ಸರ್ಕಾರ ಪಗಾರ ಕೊಡುವ ಕಚೇರಿಗಳು ಬಹಳ ಇವೆ, ಆದರೆ ಬಹುಮಾನದ ಕಪ್ಪು ಕೊಡುವುದು ಇದೊಂದಕ್ಕೇ.

ಆ ಕಪ್ಪು ನಮ್ಮ ಶಾಲೆಗೆ ಹೋದ ತಿಂಗಳು ಬಂತು. ಅದಕ್ಕಾಗಿಯೇ ಈ ಸಭೆ, ಈ ಹಾರ, ಈ ಶಾಲು. ಸಾಹೇಬರು ಇನ್ನೊಂದು ಮಾತನ್ನೂ ಹೇಳಿದರು. ಶಾಲೆಯ ಹೊಸ ಪುಸ್ತಕದಲ್ಲಿ ‘ಕೇದಾರಿ ಪದ್ಧತಿ’ ಎಂದು ಒಂದು ಪಾಠವೇ ಅಚ್ಚಾಗಿದೆಯಂತೆ. ಕೇದಾರಿ ಎಂದರೆ ನಾನೇ. ಪದ್ಧತಿ ಎಂದರೆ ಇಷ್ಟು: ಹೊಸದಾಗಿ ಬಂದ ಸವಾರರನ್ನು ಮೊದಲ ಹದಿನೈದು ದಿನ ನಾನು ಕುದುರೆ ಹತ್ತಲು ಬಿಡುವುದಿಲ್ಲ. ಒಬ್ಬೊಬ್ಬನ ಟೊಂಕದ ಮೇಲೆ ಒಂದೊಂದು ತುಂಬಿದ ಕೊಡ ಇಟ್ಟು ಮೈದಾನದಲ್ಲಿ ನಡೆಸುತ್ತೇನೆ. ನೇರ ನಡಿ, ಅಡ್ಡ ನಡಿ, ತಿರುಗು, ನಿಲ್ಲು. ನೀರು ಚೆಲ್ಲಿದವನು ಮತ್ತೆ ತುಂಬಿಕೊಂಡು ಬರಬೇಕು. ಆರಡಿ ಎತ್ತರದ, ಮೀಸೆ ತಿರುವಿದ ಗಂಡಸರು ಸಾಲಾಗಿ ಕೊಡ ಹೊತ್ತು ಹೋಗುವುದನ್ನು ನೋಡಲು ಊರಿನ ಹೆಣ್ಣುಮಕ್ಕಳು ಗೋಡೆಯಾಚೆ ಸೇರುತ್ತಾರೆ. ಆದರೆ ಹದಿನೈದು ದಿನದ ಮೇಲೆ ಅವರು ಜೀನಿನ ಮೇಲೆ ಕುಳಿತರೆ ಅವರ ನಡು ಅಲುಗುವುದಿಲ್ಲ, ಕೈ ಜಗ್ಗುವುದಿಲ್ಲ. ನೀರು ಚೆಲ್ಲದ ಹಾಗೆ ಕುಳಿತವನ ಮಾತನ್ನು ಕುದುರೆ ಕೇಳುತ್ತದೆ.

ಇದನ್ನು ನೀವು ಎಲ್ಲಿ ಕಲಿತಿರಿ ಎಂದು ಇವತ್ತು ಬೆಳಿಗ್ಗೆ ಪತ್ರಿಕೆಯವರೊಬ್ಬರು ಕೇಳಿದರು. ಕಷ್ಟಪಟ್ಟು ಕಲಿತೆ ಎಂದೆ. ಅವರು ಬರೆದುಕೊಂಡರು. ಆ ಮಾತು ಸುಳ್ಳಲ್ಲ. ಆದರೆ ಯಾರ ಕಷ್ಟ ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ನನ್ನ ಉಸ್ತಾದರ ಹೆಸರು ನಬಿಸಾಬ. ಅಂಕಲಗಿಯವರು. ಹುಕ್ಕೇರಿ ಕಡೆಯ ಒಬ್ಬ ಇನಾಮದಾರರ ಲಾಯದಲ್ಲಿ ಚಾಬೂಕಸ್ವಾರರಾಗಿದ್ದರು. ಕುದುರೆ ಪಳಗಿಸುವವನಿಗೆ ನಮ್ಮ ಕಡೆ ಹಾಗೆನ್ನುತ್ತಾರೆ. ಹೆಸರಿನಲ್ಲೇ ಚಾಬೂಕು, ಅಂದರೆ ಚಾವಟಿ, ಇದ್ದರೂ ಅವರು ಅದನ್ನು ಗೂಟಕ್ಕೆ ನೇತುಹಾಕಿ ನೊಣ ಓಡಿಸಲು ಮಾತ್ರ ಇಳಿಸುತ್ತಿದ್ದರು. ನಾನು ಇಪ್ಪತ್ತೆರಡರ ವಯಸ್ಸಿನಲ್ಲಿ ಅವರ ಕೈಕೆಳಗೆ ಸೇರಿದೆ. ಅದು ಸ್ವಾತಂತ್ರ್ಯ ಬಂದ ವರ್ಷ. ಆಗಸ್ಟ್ ಹದಿನೈದಕ್ಕೆ ನಮ್ಮ ಇನಾಮದಾರರು ಕುದುರೆಯ ಮೇಲೆ ಕುಳಿತೇ ಭಾಷಣ ಮಾಡಬೇಕೆಂದು ಹಟ ಹಿಡಿದರು. ಪಟಾಕಿಯ ಸದ್ದಿಗೆ ಕುದುರೆ ಬೆದರೀತು ಎಂದು ಉಸ್ತಾದರು ಅದರ ಎರಡೂ ಕಿವಿಗೆ ಅರಳೆ ತುರುಕಿದರು. ಇಡೀ ಹುಕ್ಕೇರಿಯಲ್ಲಿ ಆ ದಿನ ಆ ಭಾಷಣದಿಂದ ಪಾರಾದ ಜೀವ ಅದೊಂದೇ.

ಮುಂದೆ ನಾಲ್ಕು ವರ್ಷಕ್ಕೆ, ಇನಾಮು ಹೋಗುತ್ತದೆ ಎಂಬ ಸುದ್ದಿ ಹಬ್ಬಿತು. ಇನಾಮದಾರರು ಲಾಯ ಮುಚ್ಚಿದರು. ಹನ್ನೊಂದು ಕುದುರೆ ಹನ್ನೊಂದು ದಿಕ್ಕಿಗೆ ಹೋದವು. ಉಳಿದದ್ದು ಒಂದು ಮೂರು ವರ್ಷದ ಹೆಣ್ಣುಮರಿ. ತಾಯಿ ಇಲ್ಲದ್ದು, ಯಾರನ್ನೂ ಹತ್ತಿರ ಬಿಡದ್ದು. ಮೈಬಣ್ಣ ಅಬೋಲಿ, ಅಂದರೆ ಕನಕಾಂಬರ ಹೂವಿನದು, ಹಾಗಾಗಿ ಹೆಸರೂ ಅದೇ. “ನಬೀ, ಇದನ್ನ ನೀನ ಒಯ್ಯಿ, ನನಗ ನೋಡಾಕ ಆಗವಲ್ದು” ಎಂದು ಇನಾಮದಾರರು ಮುಖ ತಿರುಗಿಸಿಕೊಂಡು ಒಳಗೆ ಹೋದರು. ಅಂಕಲಗಿಯಲ್ಲಿ ಉಸ್ತಾದರಿಗೆ ಇದ್ದದ್ದು ಒಂದೇ ಖೋಲಿ. ಅದರಲ್ಲಿ ಅವರು, ಅವರ ಹೆಂಡತಿ ಬೇಗಂಬಿ, ನಾಲ್ಕು ಆಡು. ಆದ್ದರಿಂದ ಅಬೋಲಿ ಕುಲಗೋಡದ ನಮ್ಮ ಮನೆಯ ಹಿತ್ತಲಿಗೆ ಬಂತು.

ಆ ಮನೆಯಲ್ಲಿ ನನ್ನ ಅಕ್ಕ ಇದ್ದಳು. ಸಾವಂತ್ರೆವ್ವ. ನನಗಿಂತ ಮೂರು ವರ್ಷ ದೊಡ್ಡವಳು. ಇಪ್ಪತ್ತೊಂದರಲ್ಲಿ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಅವಳ ಬಗ್ಗೆ ಇಷ್ಟು ಹೇಳಿ ಮುಂದೆ ಹೋಗಬೇಕೆಂದು ಮನೆಯಿಂದ ಹೊರಡುವಾಗ ನಿರ್ಧಾರ ಮಾಡಿಕೊಂಡಿದ್ದೆ. ನೋಡೋಣ.

ಲಾಯ ಹೋದ ಮೇಲೆ ಚಾಬೂಕಸ್ವಾರ ಏನು ಮಾಡಬೇಕು? ಮದುವೆ. ಅಂದರೆ ನಮ್ಮ ಮದುವೆಯಲ್ಲ, ಊರವರ ಮದುವೆ. ಮದುಮಗನನ್ನು ಕುದುರೆಯ ಮೇಲೆ ಮೆರೆಸುವ ಹೊತ್ತಿನಲ್ಲಿ ನಮ್ಮ ಕಡೆ ಒಂದು ವಾಡಿಕೆ ಇದೆ, ನಿಮಗೆಲ್ಲ ಗೊತ್ತಿದ್ದದ್ದೇ. ದಾರಿಯ ಮೇಲೆ ಮುತ್ತೈದೆಯರು ತುಂಬಿದ ಕೊಡ ಹಿಡಿದು ನಿಲ್ಲುತ್ತಾರೆ. ಕುದುರೆ ನಿಲ್ಲಬೇಕು, ಬಲಗಾಲು ಮುಂದಿಡಬೇಕು, ತಲೆ ತಗ್ಗಿಸಬೇಕು. ಕಾಲಿಗೆ ನೀರು ಬಿದ್ದ ಮೇಲೆ ಮುಂದೆ ನಡೆಯಬೇಕು. ಕುದುರೆ ಬೆದರಿತೋ, ಒದೆಯಿತೋ, ಅಪಶಕುನವೆಂದು ಎರಡೂ ಮನೆಯವರ ಮುಖ ಬಾಡುತ್ತದೆ. ಹೀಗಾಗಿ ನೀರಿಗೆ ನಿಲ್ಲುವ ಕುದುರೆಗೆ ಬೇಡಿಕೆ. ಅಬೋಲಿಗೆ ಅದನ್ನು ಕಲಿಸಬೇಕೆಂದು ಉಸ್ತಾದರು ಹೇಳಿದರು.

ಕಲಿಸುವುದು ಎಲ್ಲಿ? ನಮ್ಮ ಕಣದಲ್ಲಿ. ನಡುವಿನ ಮೇಟಿ ಕಂಬಕ್ಕೆ ಉದ್ದ ಹಗ್ಗ ಕಟ್ಟಿ ಅಬೋಲಿಯನ್ನು ಸುತ್ತಿಸುತ್ತಿದ್ದೆವು. ಒಂದು ತೆನೆಯೂ ಇಲ್ಲದ ಕಣದಲ್ಲಿ ಕುದುರೆ ತಿರುಗುವುದನ್ನು ನೋಡಿ ನೆರೆಹೊಲದ ರಾಯಪ್ಪ ದಿನಾ ಕೇಳುತ್ತಿದ್ದ, “ಏನ ಕೇದಾರಿ, ಎಷ್ಟ ಚೀಲ ಆತು?” ಹಾಗೆ ಕೇಳಿದ ರಾಯಪ್ಪ ಇಲ್ಲೇ ಮೂರನೇ ಸಾಲಿನಲ್ಲಿ ಕುಳಿತಿದ್ದಾನೆ. ರಾಯಪ್ಪ, ಒಂದು ಕಪ್ಪು ಆಯಿತು, ಬರೆದುಕೋ.

ಆದರೆ ನೀರಿಗೆ ನಿಲ್ಲುವುದನ್ನು ಕಲಿಸಲು ಕೊಡ ಹಿಡಿದು ನಿಲ್ಲುವ ಹೆಣ್ಣುಮಗಳು ಬೇಕಲ್ಲ? ಒಂದು ದಿನಕ್ಕಲ್ಲ, ದಿನಕ್ಕೆ ನಲವತ್ತು ಸಲ, ತಿಂಗಳುಗಟ್ಟಲೆ. ಮನೆಮಠ, ಮಕ್ಕಳುಮರಿ ಇದ್ದ ಯಾವ ಮುತ್ತೈದೆಗೆ ಅಷ್ಟು ಪುರುಸೊತ್ತು? ಹೀಗಾಗಿ ಅಕ್ಕ ನಿಂತಳು. ಯಾವ ಮೆರವಣಿಗೆಯಲ್ಲಿ ಅವಳು ಎದುರಿಗೆ ಬರುವ ಹಾಗಿರಲಿಲ್ಲವೋ, ಆ ಮೆರವಣಿಗೆಯ ತಾಲೀಮನ್ನು ಎಲ್ಲ ಮುತ್ತೈದೆಯರ ಪರವಾಗಿ ಅವಳೊಬ್ಬಳೇ ಮಾಡಿದಳು. ಆಗ ಇದು ನನಗೆ ಹೊಳೆಯಲಿಲ್ಲ. ಕುದುರೆಯ ಕಿವಿ ಮಾತ್ರ ನೋಡುತ್ತಿದ್ದೆ.

ನಾನು ಲಗಾಮು ಹಿಡಿದು ಜಗ್ಗಿದರೆ ಅಬೋಲಿ ಹಿಂದಕ್ಕೆ ಹೋಗುತ್ತಿತ್ತು. ಅಕ್ಕ ಜಗ್ಗಲೇ ಇಲ್ಲ. ಎದುರು ನಿಂತು ತನ್ನ ಬಲಗಾಲು ಮುಂದಿಟ್ಟಳು. ಮೂರನೇ ದಿನ ಅಬೋಲಿ ತನ್ನ ಬಲಗಾಲು ಮುಂದಿಟ್ಟಿತು. ಅಕ್ಕ ಬಾವಿಯಿಂದ ಬರುವಾಗ ಕೊಡ ಎಡ ಟೊಂಕಕ್ಕೆ ಬದಲಿಸಿದರೆ ಅಬೋಲಿ ಎಡಕ್ಕೆ ವಾಲುತ್ತಿತ್ತು. ಅವಳು ತುಂಬಿದ ಕೊಡ ಹೊತ್ತು, ಕುದುರೆಯ ಮುಖ ನೋಡುತ್ತಾ, ಕಣದ ಅಂಚಿನಲ್ಲಿ ಅಡ್ಡಡ್ಡ ಹೆಜ್ಜೆ ಹಾಕಿದಳು. ಅದೂ ಅವಳ ಬಾಜೂ ಅಡ್ಡಡ್ಡ ಹೆಜ್ಜೆ ಹಾಕಿತು. ಕಾಲ ಮೇಲೆ ಕಾಲು ದಾಟಿಸಿ, ಎಷ್ಟು ಹಗುರಾಗಿ! ಉಸ್ತಾದರು ಕೈಯಲ್ಲಿದ್ದ ಚಹಾದ ಬಸಿ ನೆಲಕ್ಕಿಟ್ಟು ಎದ್ದು ನಿಂತರು. “ಇದು ನನಗ ಬರಾಂಗಿಲ್ಲೊ ಬೇಟಾ. ನನ್ನ ಉಸ್ತಾದಗೂ ಬರ್ತಿರಲಿಲ್ಲ. ಆಕಿ ಟೊಂಕ ನೋಡು, ನೀರ ಅಳಗಾಡವಲ್ದು. ಹಾಂಗ ಕುಂತ ಕಲಿ ನೀ ಅದರ ಮ್ಯಾಗ” ಎಂದರು.

ನಾನು ಕೊಡ ಹೊತ್ತೆ. ನಕ್ಕವರು ನಕ್ಕರು. ಅಕ್ಕ ನಗಲಿಲ್ಲ. “ನೀರಿನ ಮ್ಯಾಲ ಚಿತ್ತ ಇಡಬ್ಯಾಡ ತಮ್ಮಾ, ಹೋಗೂ ಜಾಗಾದ ಮ್ಯಾಲ ಇಡು. ನೀರ ತಾನ ಸುಮ್ಮ ಇರ್ತೈತಿ” ಎಂದಳು. ನಮ್ಮ ಶಾಲೆಯ ಪುಸ್ತಕದಲ್ಲಿ ಈ ವಾಕ್ಯ ಇಂಗ್ಲಿಷಿನಲ್ಲಿದೆ. ಕೆಳಗೆ ನನ್ನ ಹೆಸರಿದೆ.

ಕೆಮ್ಮು ಕೇಳಿಸಿತು. ಬೇಸರದ ಕೆಮ್ಮೋ, ಬೀಡಿಯ ಕೆಮ್ಮೋ? ಬೀಡಿಯದ್ದೇ ಇರಬೇಕು. ಮುಂದುವರಿಸುತ್ತೇನೆ.

ಎರಡು ವರ್ಷ ಅಬೋಲಿಯದೇ ಹೆಸರು. ಕೊಣ್ಣೂರ, ಮೂಡಲಗಿ, ಹುಕ್ಕೇರಿ, ಎಲ್ಲ ಕಡೆ ಅಬೋಲಿ ಸಿಗುವ ದಿನ ನೋಡಿ ಮುಹೂರ್ತ ಇಡಿಸಿದವರಿದ್ದಾರೆ. ಹೋದಲ್ಲೆಲ್ಲ ಅಕ್ಕನೂ ಬರುತ್ತಿದ್ದಳು. ಅಬೋಲಿ ಬೇರೆಯವರ ಕೈಯಲ್ಲಿ ನೀರು ಕುಡಿಯುತ್ತಿರಲಿಲ್ಲ. ಮೆರವಣಿಗೆ ಹೊರಟಾಗ ಅವಳು ಹಿಂದಿನ ಓಣಿಯಲ್ಲಿ ಎಲ್ಲಿಯೋ ಕುಳಿತಿರುತ್ತಿದ್ದಳು. ಮೆರವಣಿಗೆ ಮುಗಿದ ಮೇಲೆ ಕೊಡ ತುಂಬಿಕೊಂಡು ಬರುತ್ತಿದ್ದಳು. ಹಾಗೆ ಯಾರೂ ಹೇಳಿರಲಿಲ್ಲ. ಹೇಳುವ ಅಗತ್ಯ ಯಾರಿಗೂ ಬೀಳಲಿಲ್ಲ.

ಐವತ್ತಮೂರರ ಬೇಸಿಗೆ, ಕೊಣ್ಣೂರದ ಒಂದು ದೊಡ್ಡ ಮನೆಯ ಮದುವೆ. ಆ ಮನೆತನದ ಹೆಸರು ಬೇಡ, ಅವರ ಮಕ್ಕಳು ಒಳ್ಳೆಯವರು. ಮೆರವಣಿಗೆ ಹನುಮಂತ ದೇವರ ಗುಡಿಯ ಹತ್ತಿರ ಬಂದಿತ್ತು. ಒಂಬತ್ತು ಜನ ಮುತ್ತೈದೆಯರು ಸಾಲಾಗಿ ಕೊಡ ಹಿಡಿದು ನಿಂತಿದ್ದರು. ಅವತ್ತು ಬಿಸಿಲು ಬಹಳ. ಅಬೋಲಿಗೆ ಬಾಯಾರಿದೆ ಎಂದು ಅಕ್ಕನಿಗೆ ದೂರದಿಂದಲೇ ತಿಳಿಯಿತೋ ಏನೋ, ಮೆರವಣಿಗೆ ದಾಟಿರಬಹುದೆಂದು ಅಂದಾಜು ಮಾಡಿ ಕೊಡ ತುಂಬಿಕೊಂಡು ಓಣಿಯ ಬಾಯಿಗೆ ಬಂದಳು. ಬಂದದ್ದೇ ತಡ, ಅಬೋಲಿ ಆ ಒಂಬತ್ತು ಕೊಡ ಬಿಟ್ಟು, ಹಲಗಿ ಬಾರಿಸುವವರನ್ನು ಸೀಳಿಕೊಂಡು, ಮದುಮಗನ ಸಮೇತ ಅವಳ ಎದುರಿಗೆ ಹೋಗಿ ನಿಂತಿತು. ಬಲಗಾಲು ಮುಂದಿಟ್ಟಿತು. ತಲೆ ತಗ್ಗಿಸಿತು.

ಇದನ್ನು ಕುದುರೆಯ ತಪ್ಪು ಎಂದು ನಾನು ಎಷ್ಟೋ ವರ್ಷ ಹೇಳಿಕೊಂಡು ನಗಿಸಿದ್ದೇನೆ. ಶಾಲೆಯಲ್ಲಿ ಸಾಹೇಬರೂ ಕೇಳಿ ನಕ್ಕಿದ್ದಾರೆ. ನಗುವ ಭಾಗ ಅಲ್ಲಿಗೆ ಮುಗಿಯುತ್ತದೆ. ಮುಂದಿನದನ್ನು ನಾನು ಯಾರಿಗೂ ಹೇಳಿಲ್ಲ.

ಹಲಗಿ ನಿಂತಿತು. ಮದುಮಗನ ತಂದೆ, “ಮದಿವ್ಯಾಗ ಎಂಥಾ ಅಪಶಕುನ ಇದು! ಏನ ನೋಡ್ಕೊಂತ ನಿಂತಿ, ಹೊಡಿ ಅದಕ್ಕ!” ಎಂದರು. ನನ್ನ ಕೈಯಲ್ಲಿ ಅಲಂಕಾರಕ್ಕೆಂದು ಗೊಂಡೆ ಕಟ್ಟಿದ ಚಾಬೂಕು ಇತ್ತು. ನಾನು ಹೊಡೆದೆ. ಕುತ್ತಿಗೆಯ ಮೇಲೆ ಒಂದು, ಮುಖದ ಮೇಲೆ ಒಂದು. ಅಬೋಲಿ ಸರಿಯಲಿಲ್ಲ. ತನಗೆ ಕಲಿಸಿದಂತೆ ಕಾಲಿಗೆ ನೀರು ಬೀಳುವುದನ್ನು ಕಾಯುತ್ತಾ ನಿಂತಿತ್ತು. ಮೂರನೇ ಸಲ ಕೈ ಎತ್ತಿದಾಗ ಅಕ್ಕ ಕೊಡ ಕೆಳಗಿಟ್ಟಳು. ಅಬೋಲಿಗೆ ಬೆನ್ನು ಮಾಡಿ, ಗೋಡೆಯ ಕಡೆ ಮುಖ ತಿರುಗಿಸಿ ನಿಂತಳು. ಅವಳ ಮುಖ ಕಾಣದಾದ ಮೇಲೆ ಕುದುರೆ ತಿರುಗಿತು, ಮೆರವಣಿಗೆ ಮುಂದೆ ಹೋಯಿತು. ನಾನು ಹಿಂದಕ್ಕೆ ತಿರುಗಿ ನೋಡಲಿಲ್ಲ.

ಸಭಿಕರೇ, ಆ ಕುದುರೆ ಮಾಡಿದ ತಪ್ಪಾದರೂ ಏನು? ಮುತ್ತೈದೆ ಯಾರು, ವಿಧವೆ ಯಾರು ಎಂದು ನಾನು ಅದಕ್ಕೆ ಕಲಿಸಿದ್ದೆನೇ? ಕೊಡ ಹಿಡಿದ ಹೆಣ್ಣುಮಗಳ ಮುಂದೆ ನಿಲ್ಲು ಎಂದಷ್ಟೇ ಕಲಿಸಿದ್ದೆ. ಅದು ನಿಂತಿತು. ಮರುದಿನ ಉಸ್ತಾದರು ಕುತ್ತಿಗೆಯ ಬಾಸುಂಡೆಗೆ ಎಣ್ಣೆ ಸವರಿದರು. ಆಮೇಲೆ, “ನೀ ಕಲಿಸಿದ್ದನ್ನ ಮಾಡಿದ್ದಕ್ಕ ನೀನ ಹೊಡದಿ. ಇನ್ನ ಅದು ನಿನ್ನ ಯಾವ ಮಾತು ಖರೆ ಅಂತ ತಿಳೀಬೇಕು?” ಎಂದರು.

ಅಬೋಲಿ ನನ್ನನ್ನು ಹತ್ತಿರ ಬಿಡಲಿಲ್ಲ. ನಾನು ಹಿತ್ತಲಿಗೆ ಕಾಲಿಟ್ಟರೆ ಅದು ಗೋಡೆಗೆ ಒತ್ತಿ ನಿಂತು ನಡುಗುತ್ತಿತ್ತು. ಉಸ್ತಾದರ ಕಟ್ಟಳೆ ಒಂದಿತ್ತು. ತಪ್ಪಿಲ್ಲದ ಕುದುರೆಗೆ ಹೊಡೆದವನು ಮೊದಲ ಪಾಠದಿಂದ ಶುರು ಮಾಡಬೇಕು, ಅದೂ ಆ ಕುದುರೆ ನಂಬಿದವರ ಹಿಂದೆ ನಿಂತು. ಅಂದರೆ ಅಕ್ಕನ ಹಿಂದೆ. ನಾನು ಅವಳ ಮುಂದೆ ಹೋಗಿ, “ಅಕ್ಕಾ, ನಾ ತಪ್ಪ ಮಾಡಿದೆ” ಎಂದೆ. ರೊಟ್ಟಿ ಬಡಿಯುತ್ತಿದ್ದಳು. “ನನ್ನ ಮುಂದ ಯಾಕ ಹೇಳ್ತಿ? ನನಗೇನ ನೀ ಹೊಡದಿಲ್ಲ. ಅದಕ್ಕ ಹೇಳು, ನಡಿ” ಎಂದು ಹಿಟ್ಟಿನ ಕೈ ಸೀರೆಗೆ ಒರೆಸಿಕೊಂಡು ಎದ್ದಳು.

ನಲವತ್ತು ದಿನ ಅವಳು ಮುಂದೆ, ನಾನು ಹಿಂದೆ. ಅವಳ ಸೀರೆಯ ಅಂಚು ನೋಡುತ್ತಾ ಕಣ ಸುತ್ತಿದೆ. ನಲವತ್ತೊಂದನೇ ದಿನ ಅಬೋಲಿ ಬಂದು ನನ್ನ ಹೆಗಲಿಗೆ ಮೂಗು ತಾಗಿಸಿತು. ನಾನು ಅತ್ತೆ. ಗಂಡಸು ಕುದುರೆಯ ಮುಂದೆ ಅತ್ತರೆ ಅದಕ್ಕೇನು ನಾಚಿಕೆ, ಅದು ಯಾರಿಗೆ ಹೇಳುತ್ತದೆ? ಅವತ್ತಿನಿಂದ ಇವತ್ತಿನವರೆಗೆ ನಾನು ಚಾಬೂಕು ಮುಟ್ಟಿಲ್ಲ. ನನ್ನ ಕೀರ್ತಿಗೆ ಅದೂ ಒಂದು ಕಾರಣ ಎಂದು ಸಾಹೇಬರು ಈಗ ಹೇಳಿದರು.

ಮರುವರ್ಷ ಸವಾರಿ ಶಾಲೆಗೆ ತರಬೇತಿಯವರು ಬೇಕಾಗಿದ್ದಾರೆ ಎಂಬ ಸುದ್ದಿ ಬಂತು. ಆಗಿನ ಸಾಹೇಬರು, ಈಗ ತೀರಿಕೊಂಡಿದ್ದಾರೆ, ಊರೂರು ತಿರುಗಿ ಆರಿಸುತ್ತಿದ್ದರು. ಉಸ್ತಾದರೇ ನನ್ನ ಹೆಸರು ಬರೆಸಿದರು. “ನನಗ ವಯಸ್ಸಾತು, ನೀ ಹೋಗು. ಈ ವಿದ್ಯಾ ಮದಿವಿಗಷ್ಟ ಸೀಮಿತ ಆಗಬಾರ್ದು” ಎಂದರು. ಪರೀಕ್ಷೆ ಇದೇ ಗೋಕಾಕದಲ್ಲಿ, ನದಿಯ ಕಡೆಯ ಬಯಲಿನಲ್ಲಿ. ಏಳು ಜನ ಬಂದಿದ್ದರು, ಏಳೂ ಜನ ಹೊಟ್ಟೆಪಾಡಿಗೆ ಬಂದವರು. ಸುಣ್ಣದ ಗೆರೆ ಎಳೆದಿದ್ದರು. ಆ ಗೆರೆಯ ಮೇಲೆ ಕುದುರೆ ನಡೆಯಬೇಕು, ನಿಲ್ಲಬೇಕು, ತಿರುಗಬೇಕು. ನನ್ನ ಸರದಿ ಕೊನೆಯದು.

ಆ ದಿನ ಅಬೋಲಿ ನಮ್ಮ ಕಣದಲ್ಲಿ ನಡೆದ ಹಾಗೆಯೇ ನಡೆಯಿತು. ಕೇಳಿದ್ದನ್ನೆಲ್ಲ ಮಾಡಿತು. ಕೊನೆಗೆ, ಕೇಳದಿದ್ದರೂ, ನಾನು ಅದನ್ನು ಗೆರೆಯ ಉದ್ದಕ್ಕೂ ಅಡ್ಡ ನಡೆಸಿದೆ. ಕುರ್ಚಿಯಲ್ಲಿ ಕುಳಿತಿದ್ದ ಸಾಹೇಬರು ಎದ್ದು ಬಂದರು. ಕುದುರೆಯ ಬಾಯಿ ನೋಡಿದರು, ಗಾಯವಿಲ್ಲ. ನನ್ನ ಕೈ ನೋಡಿದರು, ಚಾಬೂಕಿಲ್ಲ. “ಕಿಸ್‌ನೇ ಸಿಖಾಯಾ?” ಎಂದು ಕೇಳಿದರು. ಯಾರು ಕಲಿಸಿದ್ದು?

ನಾನು, “ಮೈನೇ, ಸಾಬ್” ಎಂದೆ. ನಾನೇ.

ಅವರು ಬಿಡಲಿಲ್ಲ. ಇದು ಒಬ್ಬನ ಕೆಲಸದ ಹಾಗೆ ಕಾಣುವುದಿಲ್ಲ, ಜೊತೆಗೆ ಮತ್ಯಾರಾದರೂ ಇದ್ದರೆ ಕರೆ, ನಾನು ನೋಡಬೇಕು, ಮಾತಾಡಬೇಕು ಎಂದರು. ಉಸ್ತಾದರಿಗೆ ಜ್ವರ, ಬಂದಿರಲಿಲ್ಲ. ಅಕ್ಕ ಬಂದಿದ್ದಳು. ಬಯಲಿನ ಅಂಚಿನ ಮೋಟು ಗೋಡೆಯ ಬಳಿ ಕೊಡ ಇಟ್ಟುಕೊಂಡು ನಿಂತಿದ್ದಳು. ಮೂವತ್ತು ಹೆಜ್ಜೆ ದೂರ. ನಾನು ಕೈ ಎತ್ತಿ ತೋರಿಸಿದ್ದರೆ ಸಾಕಿತ್ತು.

“ಔರ್ ಕೋಯೀ ನಹೀಂ, ಸಾಬ್” ಎಂದೆ. ಮತ್ಯಾರೂ ಇಲ್ಲ.

ಯಾಕೆ ಹಾಗೆಂದೆ? ಕೊಡ ಹೊತ್ತ ಹಳ್ಳಿಯ ಹೆಂಗಸು ಕಲಿಸಿದ್ದು ಎಂದರೆ ಸಾಹೇಬರು ನಕ್ಕು ಕಳಿಸಿಯಾರೆಂಬ ಹೆದರಿಕೆ ಇತ್ತು. ಇದು ಅರ್ಧ ನಿಜ. ಉಳಿದ ಅರ್ಧ ಇನ್ನೂ ಕೆಟ್ಟದ್ದು. ಆ ಹೊಗಳಿಕೆ ನನಗೊಬ್ಬನಿಗೇ ಬೇಕಾಗಿತ್ತು.

ನನಗೆ ನೌಕರಿಯಾಯಿತು. ಅಬೋಲಿಯನ್ನೂ ಶಾಲೆಯವರು ತೆಗೆದುಕೊಂಡರು. ರೈಲಿನ ಡಬ್ಬಿ ಹತ್ತಲು ಅದು ಒಪ್ಪಲಿಲ್ಲ. ಅಕ್ಕನೇ ಹಲಗೆಯ ಮೇಲೆ ನಡೆದು ಡಬ್ಬಿಯೊಳಗೆ ಹೋದಳು, ಅದು ಅವಳ ಹಿಂದೆ ಹತ್ತಿತು. ಅವಳು ಆಚೆ ಬಾಗಿಲಿನಿಂದ ಇಳಿದಳು. ನನಗೆ ದಾರಿಗೆ ರೊಟ್ಟಿ ಕಟ್ಟಿಕೊಟ್ಟಳು. ಅಬೋಲಿ ಅಲ್ಲಿ ಹತ್ತು ವರ್ಷ ಬದುಕಿತು. ಅದನ್ನು ನೋಡಿ ಕಲಿತ ಸವಾರರು ಇಂದು ದೇಶದ ನಾಲ್ಕೂ ಕಡೆ ಇದ್ದಾರೆ. ಅಕ್ಕ ಅದನ್ನು ಮತ್ತೆ ನೋಡಲಿಲ್ಲ. ಅದು ಸತ್ತಾಗ ನಾನು ಕಾರ್ಡು ಬರೆದೆ. ಅದನ್ನು ಅವಳಿಗೆ ಓದಿ ಹೇಳಿದ ನೆರೆಮನೆಯ ದುಂಡವ್ವ ಆಮೇಲೆ ನನಗೆ ಹೇಳಿದಳು, ಕಾರ್ಡು ಕೇಳಿದ ಅಕ್ಕ ಎದ್ದು ಹೋಗಿ ಕಣ ಗುಡಿಸಿದಳಂತೆ.

ಪ್ರತಿ ವರ್ಷ ರಜೆಗೆ ಬರುತ್ತಿದ್ದೆ. ಪ್ರತಿ ಸಲ ಹೇಳಬೇಕೆಂದುಕೊಳ್ಳುತ್ತಿದ್ದೆ. ಪ್ರತಿ ಸಲ ಅವಳು ಮೊದಲು ಉಣ್ಣಲು ಹಾಕುತ್ತಿದ್ದಳು. ಉಂಡ ಮೇಲೆ ಹೇಳಲು ಧೈರ್ಯ ಇರುತ್ತಿರಲಿಲ್ಲ. ಹೀಗೆ ಹದಿಮೂರು ವರ್ಷ. ಮೊನ್ನೆ ಸೋಮವಾರ ಮಧ್ಯಾಹ್ನ, ಈ ಸಮಾರಂಭದ ಆಮಂತ್ರಣ ಅವಳಿಗೆ ಓದಿ ಹೇಳುತ್ತಿದ್ದೆ. ‘ಯಾರ ನೆರವೂ ಇಲ್ಲದೆ ಮೇಲೆ ಬಂದ’ ಎಂಬ ಸಾಲು ಬಂತು. ನನಗೆ ಮುಂದೆ ಓದಲಾಗಲಿಲ್ಲ. ಉಣ್ಣುವ ಮೊದಲೇ ಹೇಳಿಬಿಟ್ಟೆ. ಅವತ್ತು ಸಾಹೇಬರು ಕೇಳಿದರು, ನಾನು ಯಾರೂ ಇಲ್ಲ ಎಂದೆ ಎಂದು.

ಅಕ್ಕ ಹೇಳಿದ್ದನ್ನು ಅವಳ ಮಾತಿನಲ್ಲೇ ಹೇಳುತ್ತೇನೆ, ನನ್ನ ಮಾತು ಸೇರಿಸುವುದಿಲ್ಲ.

“ಗೊತ್ತೈತೊ ತಮ್ಮಾ. ಕೇಳಿಸ್ತು. ಅಷ್ಟ ಹಿಂದೂಸ್ತಾನಿ ನನಗ ಬೇಗಂಬಿ ಕಲಿಸ್ಯಾಳ. ಯಾರ ಅದಾರ ಕರಿ ಅಂತ ಸಾಹೇಬ ಅಂದಾಗ, ನೀ ಈಗ ಕರೀತಿ ಅಂತ ನಾ ಸೆರಗ ಸರಿಮಾಡ್ಕೊಂಡ ನಿಂತಿದ್ದೆ.”

ಇಷ್ಟೇ. ಸಿಟ್ಟಿಲ್ಲ, ಕಣ್ಣೀರಿಲ್ಲ. “ಉಣ್ಣು, ಆರತೈತಿ” ಎಂದಳು.

ಸಭಿಕರೇ, ಕೊಣ್ಣೂರದಲ್ಲಿ ನಾನು ಅಬೋಲಿಗೆ ಹೊಡೆದದ್ದಕ್ಕೆ ನಲವತ್ತು ದಿನದ ಪ್ರಾಯಶ್ಚಿತ್ತವಿತ್ತು. ಇದಕ್ಕೆ ಎಷ್ಟು ದಿನ, ನನಗೆ ತಿಳಿಯದು. ಉಸ್ತಾದರು ಇದ್ದಿದ್ದರೆ ಹೇಳುತ್ತಿದ್ದರು.

ಸಾಹೇಬರೇ, ನೀವು ಆ ದಿನ ಇರಲಿಲ್ಲ. ಆದರೆ ಅದೇ ಶಾಲೆಯವರು, ಅದೇ ಕುರ್ಚಿಯವರು. ಹಾಗಾಗಿ ನಿಮ್ಮ ಎದುರಿಗೆ ಹೇಳುತ್ತೇನೆ. ಅಬೋಲಿಗೆ ನಡೆ ಕಲಿಸಿದವಳು ಕುಲಗೋಡದ ಸಾವಂತ್ರೆವ್ವ. ನನಗೂ ಕಲಿಸಿದವಳು ಅವಳೇ. ಪುಸ್ತಕದಲ್ಲಿ ಹೆಸರು ತಪ್ಪಾಗಿದೆ, ತಿದ್ದಿಸಿ. ಆಮೇಲೆ ನನ್ನನ್ನು ಇಟ್ಟುಕೊಳ್ಳುವುದೋ ಬಿಡುವುದೋ ನಿಮಗೆ ಸೇರಿದ್ದು. ಅವಳು ಇಲ್ಲಿಗೆ ಬಂದಿದ್ದಾಳೆ. ಜಮಖಾನದ ಆಚೆ, ಗೋಡೆಗೆ ಒರಗಿ, ಎಲ್ಲರಿಗಿಂತ ಹಿಂದೆ ಕುಳಿತಿದ್ದಾಳೆ. ಮುಂದೆ ಕೂಡ್ರು ಎಂದರೆ ಕೇಳಲಿಲ್ಲ.

ಅಕ್ಕಾ. ಸಾಹೇಬ ಇಲ್ಲೇ ಕುಂತಾರ. ಇನ್ನ ಯಾರರ ಅದಾರೇನು ಅಂತ ಕೇಳಾಕತ್ತಾರ ಅಂತ ತಿಳಿ. ನಾ ಕರ್ಯಾಕತ್ತೇನಿ. ಏಳು, ಬಾ.

ತಾಯಂದಿರೇ, ಸ್ವಲ್ಪ ಸರಿದು ಅವಳಿಗೆ ದಾರಿ ಬಿಡಿ. ಯಾರೂ ಚಪ್ಪಾಳೆ ಹೊಡೆಯಬೇಡಿ, ಗದ್ದಲಕ್ಕೆ ಅವಳು ಮತ್ತೆ ಕುಳಿತುಬಿಟ್ಟಾಳು. ನನ್ನನ್ನು ಕರೆಸಿದವರಿಗೆ, ಕೇಳಿದವರಿಗೆ, ಕೆಮ್ಮದೆ ಕುಳಿತವರಿಗೆ ನಾನು ಋಣಿ. ನನ್ನ ಮಾತು ಮುಗಿಯಿತು. ಎಲ್ಲರಿಗೂ ನಮಸ್ಕಾರ.

ಕೂಡ್ರಿ, ಏಳಬೇಡಿ. ಅವಳು ಎದ್ದಿದ್ದಾಳೆ. ಸೆರಗು ಸರಿಮಾಡಿಕೊಳ್ಳುತ್ತಿದ್ದಾಳೆ. ಅಷ್ಟು ಹೊತ್ತು ಕಾಯೋಣ.